ದಯವಿಟ್ಟು ನನ್ನ ಮೇಲೊಂದು ದೂರು ಕೊಡಿ

ಟೋರ್ಪ್ ಲೇಕ್ ಊರಿನ ಪೊಲೀಸ್ ಸಾರ್ಜೆಂಟ್ ವರ್ಲಿನ್ ಹೌಗೆನ್‌ನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಭಯ. ಕಳ್ಳರ ಭಯವಲ್ಲ, ಆ ಊರಿನಲ್ಲಿ ಕಳ್ಳರು ಕೂಡ ಕದ್ದ ಸಾಮಾನನ್ನು ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ತಂದಿಟ್ಟು ಹೋಗುತ್ತಿದ್ದರು. ಮಿನ್ನೆಸೋಟದ ಚಳಿಯ ಭಯವೂ ಅಲ್ಲ. ಅವನು ಹೆದರುತ್ತಿದ್ದದ್ದು ತನ್ನ ಹೆಂಡತಿಯ ಅಣ್ಣ ಡ್ವೇನ್‌ನಿಗೆ.

ಡ್ವೇನ್ ಕೌಂಟಿಯ, ಅಂದರೆ ಇಡೀ ಜಿಲ್ಲೆಯ ಪೊಲೀಸು ನೋಡಿಕೊಳ್ಳುವ ಶೆರಿಫ್ ಕಚೇರಿಯಲ್ಲಿ ಕ್ಯಾಪ್ಟನ್. ಬಹಳ ವರ್ಷಗಳ ಹಿಂದೆ ವರ್ಲಿನ್ ಮೀನು ಹಿಡಿಯುವ ಆತುರದಲ್ಲಿ, ಸರಿಯಾಗಿ ಹೆಪ್ಪುಗಟ್ಟದ ಕೆರೆಯ ಮೇಲೆ ತನ್ನ ಪಿಕಪ್ ಗಾಡಿ ಓಡಿಸಿ ಅದನ್ನು ಮುಳುಗಿಸಿ ಬಂದಿದ್ದ. ಅಂದಿನಿಂದ ಡ್ವೇನ್ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಟರ್ಕಿ ಕೋಳಿ ಕೊಯ್ಯುವ ಮುಂಚೆ ಆ ಕಥೆ, ಕೊಯ್ದ ಮೇಲೆ ಮತ್ತೆ ಆ ಕಥೆ. "ಏನಪ್ಪಾ ಮುಳುಗುವೀರ, ಆ ಆಲೂಗಡ್ಡೆ ಬಟ್ಟಲು ಸ್ವಲ್ಪ ಈ ಕಡೆ ತಳ್ಳು. ಜೋಪಾನ, ಸಾರಲ್ಲಿ ಮುಳುಗೀಯಾ" ಎಂದು ಡ್ವೇನ್ ಹೇಳುತ್ತಿದ್ದ. ಮನೆಮಂದಿಯೆಲ್ಲ ನಗುತ್ತಿದ್ದರು. ವರ್ಲಿನ್ "ಪರವಾಗಿಲ್ಲ ಬಿಡಿ" ಎಂದು ಬಟ್ಟಲು ತಳ್ಳುತ್ತಿದ್ದ.

ಅವನೊಬ್ಬನೇ ಹಾಗಲ್ಲ, ಊರಿಗೆ ಊರೇ ಹಾಗೆ. ಹಿಮದ ಭಾರಕ್ಕೆ ಕೊಟ್ಟಿಗೆಯ ಸೂರು ಕುಸಿದು ಬಿದ್ದವನನ್ನು ಹೇಗಿದ್ದೀಯಪ್ಪಾ ಎಂದು ಕೇಳಿದರೆ "ಅಷ್ಟೇನೂ ಕೆಟ್ಟದಾಗಿಲ್ಲ" ಎನ್ನುತ್ತಾನೆ. ಇಂಥ ಊರಿಗೆ ಪೊಲೀಸರಾದರೂ ಯಾಕೆ ಬೇಕು ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಏಳಲೇಬೇಕಿತ್ತು. ಅದನ್ನು ಎತ್ತಿದವನು ಗೇಲಾರ್ಡ್ ಸ್ಟೆನ್ಸ್‌ರುಡ್. ಊರಿನ ಹಾರ್ಡ್‌ವೇರ್ ಅಂಗಡಿ ಅವನದು, ನಗರಸಭೆಯಲ್ಲಿ ಹಣಕಾಸು ನೋಡಿಕೊಳ್ಳುವ ಸದಸ್ಯನೂ ಅವನೇ.

"ನಾನೊಂದು ಸುತ್ತಿಗೆ ಮಾರಿದ್ರೆ ಒಂದು ಸುತ್ತಿಗೆ ಮಾರಿದೆ ಅಂತ ಲೆಕ್ಕ ಸಿಗುತ್ತೆ," ಎಂದ ಗೇಲಾರ್ಡ್ ಸಭೆಯಲ್ಲಿ. "ಪೊಲೀಸರಿಗೆ ವರ್ಷಾ ವರ್ಷಾ ದುಡ್ಡು ಸುರೀತೀವಿ. ಅವರು ಏನು ಮಾಡಿದ್ರು, ಚೆನ್ನಾಗಿ ಮಾಡಿದ್ರೋ ಇಲ್ವೋ, ಅದನ್ನ ಯಾವ ಕೋಲಲ್ಲಿ ಅಳೀಬೇಕು? ತಪ್ಪು ತಿಳೀಬೇಡಿ, ಸುಮ್ನೆ ಕೇಳ್ತಿದ್ದೀನಿ. ಠಾಣೆ ಮುಚ್ಚಿ ಕೆಲಸಾನ ಕೌಂಟಿಯವರಿಗೆ ವಹಿಸಿದ್ರೆ ಅಗ್ಗ ಆಗುತ್ತೆ."

ಕೌಂಟಿಗೆ ವಹಿಸುವುದೆಂದರೆ ಏನೆಂದು ವರ್ಲಿನ್‌ನಿಗೆ ಬೇರೆ ಬಿಡಿಸಿ ಹೇಳಬೇಕಿರಲಿಲ್ಲ. ಪಿಂಚಣಿ ಕೈಗೆ ಬರುವವರೆಗೂ ದಿನಾ ಬೆಳಿಗ್ಗೆ ಡ್ವೇನ್‌ನ ಮುಂದೆ ನಿಂತು ಸಲ್ಯೂಟ್ ಹೊಡೆಯಬೇಕು, ಅವನು "ಮುಳುಗುವೀರ, ಇವತ್ತು ಕೆರೆ ಕಡೆ ಡ್ಯೂಟಿ ಬೇಡ" ಎನ್ನುವುದನ್ನು ಎಲ್ಲ ಪೇದೆಗಳ ಎದುರು ಕೇಳಿಸಿಕೊಳ್ಳಬೇಕು. ಅದಕ್ಕಿಂತ ಆ ದಿನ ಗಾಡಿಯ ಜೊತೆಗೆ ತಾನೂ ಮುಳುಗಿದ್ದರೆ ವಾಸಿಯಿತ್ತು ಎಂದು ಅವನಿಗನ್ನಿಸಿತು.

ಠಾಣೆಯ ಮುಖ್ಯಸ್ಥೆ ಮಾರ್ಲಿಸ್ ಬ್ರೆಕ್ಕೆ ಗಟ್ಟಿಗಿತ್ತಿ. ಅವಳು ಎದ್ದು ನಿಂತು ಒಂದು ದಾರಿ ಹೇಳಿದಳು. ಪೊಲೀಸ್ ಠಾಣೆಗಳಿಗೆ ಮಾನ್ಯತೆ ಕೊಡುವ ಒಂದು ಮಂಡಳಿ ಇದೆ. ಅವರು ಹೊರಗಿನಿಂದ ಬಂದು, ನಿಮ್ಮ ನಿಯಮದ ಪುಸ್ತಕದಲ್ಲಿ ಬರೆದದ್ದನ್ನು ನೀವು ನಿಜವಾಗಿ ಮಾಡುತ್ತೀರಾ ಎಂದು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದರೆ ಠಾಣೆಯ ವಿಮೆಯ ಕಂತು ಇಳಿಯುತ್ತದೆ, ಯಾವ ಕೆಲಸಕ್ಕೆ ಎಷ್ಟು ದುಡ್ಡು, ಅದರಿಂದ ಏನು ಫಲ ಎಂಬುದಕ್ಕೆ ಅಂಕಿ ಅಂಶ ಸಿಗುತ್ತದೆ. "ಗೇಲಾರ್ಡ್, ನೀನು ಕೇಳಿದ ಅಳತೆಗೋಲು ಇದೇ" ಎಂದಳು. ಬಜೆಟ್ ಮತದಾನದೊಳಗೆ ಮುದ್ರೆ ಬಂದರೆ ಠಾಣೆ ಉಳಿಯಲಿ, ಬಾರದಿದ್ದರೆ ಕೌಂಟಿಗೆ ಹೋಗಲಿ ಎಂದು ಸಭೆ ತೀರ್ಮಾನಿಸಿತು. ಆ ಕೆಲಸವೆಲ್ಲ ವರ್ಲಿನ್‌ನ ತಲೆಗೆ ಬಂತು. ಅವನ ಅಕ್ಷರ ದುಂಡಗಿದೆ ಎನ್ನುವುದೊಂದೇ ಅದಕ್ಕೆ ಕಾರಣ.

ವರ್ಲಿನ್ ಮೈ ಮುರಿದು ದುಡಿದ. ಬೇರೆ ಊರಿನ ಠಾಣೆಯೊಂದರ ನಿಯಮದ ಪುಸ್ತಕ ತರಿಸಿ, ಊರ ಹೆಸರು ಬದಲಾಯಿಸಿ, ತಮ್ಮದೆಂದು ಬರೆದ. ಬರೆದದ್ದನ್ನೆಲ್ಲ ಓದಿದ ಎಂದು ಹೇಳಲಾರೆ. ಪ್ರತಿಯೊಂದು ನಿಯಮಕ್ಕೂ ಪುರಾವೆ ಲಗತ್ತಿಸಿದ. ಬಂದೂಕಿನ ತರಬೇತಿಗೆ ಪುರಾವೆ ಸಿಕ್ಕಿತು, ಜಪ್ತಿ ಮಾಲಿನ ಬೀಗದ ಕೋಣೆಗೆ ಸಿಕ್ಕಿತು. ಸಿಗದೆ ಉಳಿದದ್ದು ಒಂದೇ. ಪೊಲೀಸರ ಮೇಲೆ ಸಾರ್ವಜನಿಕರು ಕೊಟ್ಟ ದೂರನ್ನು ಸ್ವೀಕರಿಸಿ, ವಿಚಾರಿಸಿ, ಉತ್ತರ ಕೊಟ್ಟಿದ್ದಕ್ಕೆ ಪುರಾವೆ ಎಲ್ಲಿ? ಠಾಣೆ ಶುರುವಾದಾಗಿನಿಂದ ಒಬ್ಬರೂ ಒಂದೂ ದೂರು ಕೊಟ್ಟಿರಲಿಲ್ಲ.

ಇದು ಒಳ್ಳೆಯ ಸುದ್ದಿ ಎಂದುಕೊಂಡು ವರ್ಲಿನ್ ಮಂಡಳಿಯ ಪರೀಕ್ಷಕನಿಗೆ ಹೆಮ್ಮೆಯಿಂದ ಫೋನ್ ಮಾಡಿದ. ಪರೀಕ್ಷಕನ ಹೆಸರು ಬಾಕಾ. ಅರಿಝೋನದ ಮರುಭೂಮಿಯಲ್ಲಿ ಪೊಲೀಸ್ ಕ್ಯಾಪ್ಟನ್ ಆಗಿ ನಿವೃತ್ತನಾದವನು.

"ದೂರು ಸೊನ್ನೆ?" ಎಂದ ಬಾಕಾ.

"ಸೊನ್ನೆ ಸಾರ್."

"ಸಾರ್ಜೆಂಟ್, ದೂರು ಸೊನ್ನೆ ಅಂದ್ರೆ ಎರಡೇ ಅರ್ಥ. ಒಂದೋ ನೀವೆಲ್ಲ ದೇವದೂತರು, ಇಲ್ಲಾ ನಿಮ್ಮ ಠಾಣೆ ಬಾಗಿಲು ಜನರಿಗೆ ಮುಚ್ಚಿದೆ. ನನ್ನ ಸರ್ವಿಸ್‌ನಲ್ಲಿ ದೇವದೂತ ಪೊಲೀಸರನ್ನ ನಾನಂತೂ ನೋಡಿಲ್ಲ."

ವರ್ಲಿನ್ ಫೋನಿಟ್ಟು ಮಾರ್ಲಿಸ್‌ಳ ಮುಖ ನೋಡಿದ. ಅವಳು "ಒಂದೇ ಒಂದು ದೂರು ಸಾಕು ವರ್ಲಿನ್. ಹೋಗಿ ತಗೊಂಡು ಬಾ" ಎಂದಳು, ಅಂಗಡಿಯಿಂದ ಹಾಲು ತರಲು ಹೇಳಿದಷ್ಟೇ ಸುಲಭವಾಗಿ.

ಮರುದಿನ ಬೆಳಿಗ್ಗೆ ಅವನು ಊರಿನ ಕಾಫಿ ಅಂಗಡಿಗೆ ಹೋದ. ಅಲ್ಲಿ ಕಿಟಕಿಯ ಮೇಜಿನಲ್ಲಿ ಹಿರಿಯರ ತಂಡವೊಂದು ಬೆಳಗಿನಿಂದ ಮಧ್ಯಾಹ್ನದ ತನಕ ಕೂತು ಜಗತ್ತಿನ ಪ್ರತಿಯೊಂದು ಸರ್ಕಾರವನ್ನೂ ತರಾಟೆಗೆ ತೆಗೆದುಕೊಳ್ಳುತ್ತಿತ್ತು. ಇವರಲ್ಲಿ ಸಿಗದ ದೂರು ಇನ್ನೆಲ್ಲಿ ಸಿಗುತ್ತದೆ?

"ನನ್ನ ಮೇಲೆ ಯಾರಿಗಾದ್ರೂ ಏನಾದ್ರೂ ಬೇಜಾರಿದ್ರೆ ದಯವಿಟ್ಟು ಹೇಳಿ. ಬರೆದು ಕೊಟ್ರೆ ಇನ್ನೂ ಒಳ್ಳೇದು," ಎಂದ ವರ್ಲಿನ್ ಟೋಪಿ ಕೈಯಲ್ಲಿ ಹಿಡಿದು.

ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿನ್ನ ಮೇಲೆ ಏನಿದೆಯಪ್ಪಾ," ಎಂದ ಒಬ್ಬ. "ಪರವಾಗಿಲ್ಲ ನೀನು." "ಅಷ್ಟೇನೂ ಕೆಟ್ಟವನಲ್ಲ," ಎಂದು ಇನ್ನೊಬ್ಬ ಸೇರಿಸಿದ. ಮೂರನೆಯವನು ಅವನ ಭುಜ ತಟ್ಟಿ, ತಗ್ಗಿದ ದನಿಯಲ್ಲಿ, "ಡಾಕ್ಟ್ರು ಏನಂದ್ರು?" ಎಂದು ಕೇಳಿದ.

ಕೇಳಿದರೆ ಸಿಗುವುದಿಲ್ಲ, ದೂರಿಗೆ ಕಾರಣ ಕೊಟ್ಟರೆ ಸಿಗುತ್ತದೆ ಎಂದು ವರ್ಲಿನ್ ಲೆಕ್ಕ ಹಾಕಿದ. ಲೂಥರನ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯನ್ನು ಆಳುತ್ತಿದ್ದವಳು ಲವೋನ್ ಸ್ಕಾರ್. ಪಾದ್ರಿಗಳು ಬಂದು ಹೋಗುತ್ತಾರೆ, ಲವೋನ್ ಮಾತ್ರ ಶಾಶ್ವತ. ಅವಳು ಯಾರದೋ ಶವಸಂಸ್ಕಾರದ ಊಟಕ್ಕೆ ಪಾತ್ರೆ ಇಳಿಸುತ್ತಿದ್ದಾಗ, ಗಾಡಿಯನ್ನು ಅರ್ಧ ಮೊಳ ಆಚೆ ನಿಲ್ಲಿಸಿದ್ದಾಳೆಂದು ವರ್ಲಿನ್ ದಂಡದ ಚೀಟಿ ಹರಿದು ಕೊಟ್ಟ. ಕೊಡುವಾಗ ಅವನ ಕೈ ನಡುಗುತ್ತಿತ್ತು.

ಲವೋನ್ ಚೀಟಿ ನೋಡಿದಳು, ಅವನ ಮುಖ ನೋಡಿದಳು. "ನಂದೇ ತಪ್ಪು. ತುಂಬಾ ಥ್ಯಾಂಕ್ಸ್ ವರ್ಲಿನ್" ಎಂದಳು. ಆ ಮಧ್ಯಾಹ್ನವೇ ದಂಡ ಕಟ್ಟಿದಳು. ಸಂಜೆ ಹಾಟ್‌ಡಿಶ್ ತಂದು ಅವನ ಮನೆ ಬಾಗಿಲಲ್ಲಿಟ್ಟು ಹೋದಳು. ಹಾಟ್‌ಡಿಶ್ ಎಂದರೆ ಕೊಚ್ಚಿದ ಮಾಂಸ, ಅಣಬೆ ಸೂಪು, ಮೇಲೆ ಸಾಲಾಗಿ ಆಲೂಗಡ್ಡೆ ಉಂಡೆಗಳನ್ನು ಜೋಡಿಸಿ ಓವನ್‌ನಲ್ಲಿ ಬೇಯಿಸುವ ಪದಾರ್ಥ. ಆ ಊರಿನಲ್ಲಿ ಸಾವು, ಆಪರೇಷನ್, ಮನೆಗೆ ಬೆಂಕಿ ಬಿದ್ದದ್ದು, ಯಾವುದಕ್ಕಾದರೂ ಜನ ಇದನ್ನೇ ಮಾಡಿ ತರುತ್ತಾರೆ. ಟ್ರೇಯ ತಳಕ್ಕೆ ಹೆಸರಿನ ಪಟ್ಟಿ ಅಂಟಿಸಿರುತ್ತಾರೆ, ಅದು ತೊಳೆದು ಹಿಂದಕ್ಕೆ ಬರಬೇಕು.

ಲವೋನ್ ಒಬ್ಬಳೇ ತಂದಿದ್ದರೆ ಸರಿ. ಸಾರ್ಜೆಂಟ್ ವರ್ಲಿನ್ ಊರಲ್ಲೆಲ್ಲ ಕ್ಷಮೆ ಕೇಳುತ್ತ ತಿರುಗುತ್ತಿದ್ದಾನೆ, ಪಾಪ, ಕೈಯೂ ನಡುಗುತ್ತಿದೆಯಂತೆ ಎಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಕೆಲವರು ಅವನಿಗೆ ಲಿವರ್ ಹೋಗಿದೆ ಎಂದರು. ಕೆಲವರು ಬೇರೆ ಹೆಂಗಸಿನ ವಿಷಯ ಎಂದರು. ಲಿವರೇ ಹೆಚ್ಚು ಮತ ಪಡೆಯಿತು, ಯಾಕೆಂದರೆ ವರ್ಲಿನ್‌ನನ್ನು ನೋಡಿದವರಿಗೆ ಎರಡನೆಯದನ್ನು ನಂಬಲು ಆಗಲಿಲ್ಲ. ಒಂದೇ ವಾರದಲ್ಲಿ ಮನೆಯ ಮೆಟ್ಟಿಲ ತುಂಬ ಹಾಟ್‌ಡಿಶ್. ಪಾದ್ರಿ ಬಂದು ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದು ಹೋದರು.

"ಫ್ರೀಜರಲ್ಲಿ ಜಾಗ ಇಲ್ಲ, ಗ್ಯಾರೇಜಲ್ಲಿ ಜಾಗ ಇಲ್ಲ," ಎಂದಳು ಹೆಂಡತಿ ಆರ್ಡಿಸ್. "ದಾರೀಲಿ ಎದುರಾದೋರೆಲ್ಲ ನನ್ನ ತಬ್ಕೊಂಡು ಅಳ್ತಾರೆ. ಮನೆ ಮಾರೋದಾದ್ರೆ ಮೊದಲು ನಮಗೆ ಹೇಳಮ್ಮ ಅಂತ ಒಬ್ರು ಕೇಳಿದ್ರು. ಏನು ಮಾಡ್ಕೊಂಡಿದ್ದೀರಿ ನೀವು?"

"ಒಂದು ದೂರು ಬೇಕಾಗಿತ್ತು ಆರ್ಡಿಸ್."

"ಹಾಗಿದ್ರೆ ಕಾಗದ ತನ್ನಿ, ನಾನು ಕೊಡ್ತೀನಿ. ಹಿಂದೂ ಮುಂದೂ ಬರೆಯೋಷ್ಟಿದೆ."

ಹೆಂಡತಿಯ ದೂರು ನಡೆಯುತ್ತದೋ ಇಲ್ಲವೋ ಎಂದು ವರ್ಲಿನ್ ನಿಯಮದ ಪುಸ್ತಕ ತೆರೆದ. ಆ ವಿಷಯ ಸಿಗಲಿಲ್ಲ. ಸಿಕ್ಕಿದ್ದು ಪಕ್ಕದ ಪುಟದ ಬೇರೊಂದು ನಿಯಮ: ಪೊಲೀಸರು ಸಾರ್ವಜನಿಕರಿಂದ ಪಡೆದ ಯಾವುದೇ ಉಡುಗೊರೆಯನ್ನು, ಅದು ಎಷ್ಟೇ ಸಣ್ಣದಿರಲಿ, ಉಡುಗೊರೆ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ವರ್ಲಿನ್ ಪ್ರಾಮಾಣಿಕ. ಆ ರಾತ್ರಿಯೇ ಗ್ಯಾರೇಜಿಗೆ ಹೋಗಿ ಒಂದೊಂದು ಟ್ರೇಯನ್ನೂ ಮೇಲೆತ್ತಿ, ತಳದ ಹೆಸರು ಓದಿ, ದುಂಡಗಿನ ಅಕ್ಷರದಲ್ಲಿ ಪುಟಗಟ್ಟಲೆ ಬರೆದಿಟ್ಟ.

ಮಾರ್ಚ್ ತಿಂಗಳಲ್ಲಿ ಬಾಕಾ ಬಂದಿಳಿದ. ಮಾರ್ಚಿಗೆ ವಸಂತ ಬಂದಿರುತ್ತದೆಂದು ನಂಬಿ ತೆಳ್ಳನೆಯ ಕೋಟು ಹಾಕಿಕೊಂಡು ಬಂದಿದ್ದ. ಮೊದಲ ದಿನವೇ ಠಾಣೆಯ ಹೀಟರನ್ನು ತಬ್ಬಿಕೊಂಡು ಕೂತು ಕಡತಗಳನ್ನು ತೆರೆದ. ದೂರಿನ ಕಡತ ಖಾಲಿ. ಉಡುಗೊರೆಯ ಪುಸ್ತಕ ಭರ್ತಿ. ಅವನು ಹಾಳೆ ಮಗುಚಿದ, ಮತ್ತೆ ಮಗುಚಿದ. ಹೀಟರಿನ ಪಕ್ಕದಲ್ಲೂ ಅವನಿಗೆ ಚಳಿ ಹತ್ತಿತು.

"ಗಡಿ ಊರುಗಳಲ್ಲಿ ಕೆಲಸ ಮಾಡಿದ್ದೀನಿ ಸಾರ್ಜೆಂಟ್," ಎಂದ ಬಾಕಾ ನಿಧಾನವಾಗಿ. "ಲಂಚಕೋರರನ್ನ ಕಣ್ಣಾರೆ ಕಂಡಿದ್ದೀನಿ. ಆದ್ರೆ ಇಡೀ ಊರೇ ಒಬ್ಬ ಸಾರ್ಜೆಂಟಿಗೆ ಹೆದರಿ ಊಟ ತಂದು ಒಪ್ಪಿಸೋದು, ಒಬ್ರೂ ಬಾಯಿ ಬಿಡದೆ ಇರೋದು, ಇದನ್ನ ಎಲ್ಲೂ ನೋಡಿರಲಿಲ್ಲ. ಈಯಮ್ಮ ಯಾರು, ಲವೋನ್ ಸ್ಕಾರ್? ಮಧ್ಯಾಹ್ನ ದಂಡ ಹಾಕಿದ್ದೀರಿ, ಸಂಜೆ ಕಾಣಿಕೆ ಬಂದಿದೆ."

"ಅದು ಹಾಟ್‌ಡಿಶ್ ಸಾರ್."

"ಅದರೊಳಗೆ ಏನಿತ್ತು?"

"ಆಲೂಗಡ್ಡೆ ಸಾರ್."

ಬಾಕಾ ಅದನ್ನೂ ಬರೆದುಕೊಂಡ.

ಮಾರನೆಯ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಸಾರ್ವಜನಿಕರ ಅಹವಾಲು ಸಭೆ. ಯಾರು ಬೇಕಾದರೂ ಬಂದು ಪರೀಕ್ಷಕನ ಮುಂದೆ ಮಾತಾಡಬಹುದು. ಊರಿಗೆ ಊರೇ ಬಂದಿತ್ತು, ಸಾಯುತ್ತಿರುವ ಮನುಷ್ಯನಿಗೆ ನಾಲ್ಕು ಒಳ್ಳೆಯ ಮಾತು ಹೇಳಲು. ಹಿಂದಿನ ಸಾಲಿನಲ್ಲಿ ಡ್ವೇನ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ತನ್ನ ಕೈಗೆ ಬರಲಿರುವ ಠಾಣೆಯನ್ನು ನೋಡಿಕೊಂಡು ಹೋಗಲು ಬಂದವನ ಹಾಗಿತ್ತು ಅವನ ಠೀವಿ.

ಒಬ್ಬೊಬ್ಬರಾಗಿ ಎದ್ದು ವರ್ಲಿನ್‌ನನ್ನು ಹೊಗಳಿದರು. ಹೊಗಳಿದಷ್ಟೂ ಬಾಕಾನ ಮುಖ ಗಂಟಾಯಿತು. ಕಡೆಗೆ ಅವನೇ ಎದ್ದು ನಿಂತ.

"ನೀವು ಯಾರಿಗೂ ಹೆದರಬೇಕಾಗಿಲ್ಲ," ಎಂದ. "ಪೊಲೀಸರ ಮೇಲೆ ದೂರು ಕೊಟ್ರೆ ಈ ಊರಲ್ಲಿ ಕೇಳೋರಿದ್ದಾರೆ ಅಂತ ನನಗೆ ಗೊತ್ತಾಗಬೇಕು. ಇಷ್ಟು ವರ್ಷದಲ್ಲಿ ಒಂದೂ ದೂರಿಲ್ಲ ಅಂದ್ರೆ ನಾನು ಮುದ್ರೆ ಒತ್ತೋಕಾಗಲ್ಲ."

"ಮುದ್ರೆ ಇಲ್ಲ ಅಂದ್ರೆ ಬಜೆಟ್ಟಿಲ್ಲ," ಎಂದ ಗೇಲಾರ್ಡ್ ಮುಂದಿನ ಸಾಲಿನಿಂದ, ತುಂಬ ಸಂಕೋಚದಿಂದ. "ಠಾಣೆ ಕೌಂಟಿಗೆ ಹೋಗುತ್ತೆ. ತಪ್ಪು ತಿಳೀಬೇಡಿ."

ಲವೋನ್ ಸ್ಕಾರ್ ವರ್ಲಿನ್ ಕಡೆ ತಿರುಗಿ, "ಅಂದ್ರೆ ನಿನಗೆ ಲಿವರ್ ಸರಿಯಾಗೇ ಇದೆಯಾ?" ಎಂದು ಕೇಳಿದಳು.

"ಸರಿಯಾಗೇ ಇದೆ. ಒಂದು ದೂರು ಬೇಕಾಗಿತ್ತು ಅಷ್ಟೆ."

"ಅಯ್ಯೋ, ಮೊದಲೇ ಹೇಳಬಾರದಾ," ಎಂದು ಲವೋನ್ ಎದ್ದು ನಿಂತಳು. ನೆರೆಯವನಿಗೆ ಉಪಕಾರವಾಗುವುದಾದರೆ ಆ ಊರಿನವರು ಏನನ್ನೂ ಮಾಡಬಲ್ಲರು, ದೂರನ್ನು ಕೂಡ. "ಹಾಗಿದ್ರೆ ನಂದೊಂದು ಸಣ್ಣದು ಬರ್ಕೊಳ್ಳಿ, ನಿಮಗೆ ತೊಂದರೆ ಆಗದಿದ್ರೆ. ಅರ್ಧ ಮೊಳಕ್ಕೆಲ್ಲ ದಂಡ ಹಾಕಿದ್ದು ಸ್ವಲ್ಪ ಜಾಸ್ತಿ ಆಯ್ತು." ಅಷ್ಟು ಹೇಳಿ ಕೂರಬೇಕಿತ್ತು. ಕೂರಲಿಲ್ಲ. ಅವಳ ಕತ್ತು ನಿಧಾನವಾಗಿ ಕೆಂಪಗಾಯಿತು. "ಎದ್ದು ನಿಂತಿದ್ದೀನಲ್ಲ, ಇನ್ನೊಂದೂ ಹೇಳಿಬಿಡ್ತೀನಿ. ಅವನ ಅಮ್ಮ ತೀರಿಕೊಂಡಾಗ ನೀಲಿ ಮುಚ್ಚಳದ ಟ್ರೇಯಲ್ಲಿ ಹಾಟ್‌ಡಿಶ್ ಕೊಟ್ಟಿದ್ದೆ. ಆ ಟ್ರೇ ಇವತ್ತಿನವರೆಗೂ ವಾಪಸ್ ಬಂದಿಲ್ಲ. ನನ್ನತ್ತೆ ಕೊಟ್ಟಿದ್ದು ಅದು. ಪ್ರತಿ ಕ್ರಿಸ್ಮಸ್‌ನಲ್ಲೂ ನಾನು ಅದನ್ನ ನೆನಸ್ಕೊಳ್ತೀನಿ."

ಸಭೆಯಲ್ಲಿ ದೊಡ್ಡ ಉದ್ಗಾರವೊಂದು ಎದ್ದಿತು. ಟ್ರೇ ಹಿಂದಿರುಗಿಸದಿರುವುದು ಆ ಊರಿನಲ್ಲಿ ಸಾಮಾನ್ಯ ಅಪರಾಧವಲ್ಲ.

ಆಮೇಲೆ ಕಟ್ಟೆ ಒಡೆಯಿತು. ಕಾಫಿ ಅಂಗಡಿಯ ಹಿರಿಯನೊಬ್ಬ ಎದ್ದು, ವರ್ಲಿನ್ ಗಸ್ತು ತಿರುಗುವಾಗ ಗಾಡಿಯ ಧ್ವನಿವರ್ಧಕ ಆರಿಸಲು ಮರೆತು ಹಾಡುತ್ತಾನೆ, ಎಲ್ಲ ಹಾಡಿಗೂ ಅವನದು ಒಂದೇ ರಾಗ ಎಂದ. "ನಮ್ಮ ಹಸುಗಳು ಹಾಲು ಕೊಡೋದು ಕಮ್ಮಿ ಮಾಡಿವೆ. ಅಷ್ಟೇನೂ ಕೆಟ್ಟದಲ್ಲ, ಆದ್ರೂ ಹೇಳಿದೆ." ಇನ್ನೊಬ್ಬಳು, ತನ್ನ ಮನೆಯ ಹಿಂದೆ ಗಾಡಿ ನಿಲ್ಲಿಸಿ ಅವನು ಗೊರಕೆ ಹೊಡೆಯುವುದರಿಂದ ತನ್ನ ನಾಯಿ ಊಟ ಬಿಟ್ಟಿದೆ ಎಂದಳು. ಗೇಲಾರ್ಡ್ ಕೂಡ ತಡೆದುಕೊಳ್ಳಲಾರದೆ ಎದ್ದ. "ಪ್ರತಿ ಶನಿವಾರ ನನ್ನಂಗಡಿಗೆ ಬಂದು ಹಿಮ ಎತ್ತೋ ಸಲಿಕೆಗಳನ್ನೆಲ್ಲ ಎತ್ತಿ ಎತ್ತಿ ನೋಡ್ತಾನೆ. ಒಂದು ದಿನ ಒಂದು ಸಲಿಕೆ ಕೊಂಡಿಲ್ಲ. ಇದನ್ನ ಹೇಳಬೇಕು ಅಂತ ಎಷ್ಟು ವರ್ಷದಿಂದ ಒದ್ದಾಡ್ತಿದ್ದೀನಿ ಗೊತ್ತಾ?" ಎನ್ನುವಾಗ ಅವನ ಕಣ್ಣಲ್ಲಿ ನೀರು ನಿಂತಿತ್ತು. ಕಡೆಗೆ ಆರ್ಡಿಸ್ ಎದ್ದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಬಾಕಾ ಅದಕ್ಕಾಗಿ ಪೆನ್ನು ಬದಲಾಯಿಸಬೇಕಾಯಿತು ಎಂದರೆ ಸಾಕು.

ಹೇಳಿ ಮುಗಿಸಿದವರ ಮುಖದಲ್ಲಿ ಎಂಥದೋ ಕಾಂತಿ. ಹಾಡು ಕಲಿತ ಮಕ್ಕಳಂತೆ ಎಲ್ಲರೂ ಇನ್ನೊಂದು, ಇನ್ನೊಂದು ಎಂದು ಕೈ ಎತ್ತುತ್ತಿದ್ದರು. ಬಾಕಾ ಕೂಡ ಮೊದಲ ಸಲ ಕೋಟಿನ ಗುಂಡಿ ಬಿಚ್ಚಿ ನಕ್ಕ. "ಬಾಗಿಲು ತೆರೆದೇ ಇದೆ ಅಂತಾಯ್ತು," ಎಂದ. "ಇನ್ನು ಇವನ್ನೆಲ್ಲ ನಿಯಮದ ಪ್ರಕಾರ ವಿಚಾರಣೆ ಮಾಡಿ ಮುಗಿಸಿದ್ರೆ ಮುದ್ರೆ ನಿಮ್ಮದು. ದೂರು ವಿಚಾರಿಸಬೇಕಾದ ಸಾರ್ಜೆಂಟ್ ಮೇಲೇ ಎಲ್ಲ ದೂರೂ ಇರೋದ್ರಿಂದ ಯಾರು ವಿಚಾರಿಸಬೇಕು ಅಂತ ನಿಮ್ಮ ಪುಸ್ತಕದಲ್ಲಿ ಏನಿದೆ?"

ಮಾರ್ಲಿಸ್ ಪುಟ ತೆರೆದು, ವರ್ಲಿನ್ ಬರೆದು ಓದದೆ ಬಿಟ್ಟಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು. "ಅಂಥ ಸಂದರ್ಭದಲ್ಲಿ ವಿಚಾರಣೆಯನ್ನು ಕೌಂಟಿ ಶೆರಿಫ್ ಕಚೇರಿಯ ಹಿರಿಯ ಅಧಿಕಾರಿಗೆ ವಹಿಸತಕ್ಕದ್ದು."

ಹಿಂದಿನ ಸಾಲಿನಲ್ಲಿ ಡ್ವೇನ್ ಕಾಲು ಇಳಿಸಿ ಎದ್ದು ನಿಂತ. "ತುಂಬಾ ಸಂತೋಷದಿಂದ," ಎಂದ.

ಆ ವಸಂತವೆಲ್ಲ ಡ್ವೇನ್ ವಾರಕ್ಕೆರಡು ಸಲ ವರ್ಲಿನ್‌ನ ಅಡುಗೆಮನೆಯಲ್ಲಿ ಬಂದು ಕೂತ. "ನೀಲಿ ಮುಚ್ಚಳದ ಟ್ರೇ ಎಲ್ಲಿ ಮುಳುಗಿಸಿದೆ, ಮುಳುಗುವೀರ?" "ಹಾಡ್ತೀಯಂತಲ್ಲ, ಸಾಕ್ಷಿಗೆ ಒಂದು ಸಲ ಹಾಡಿ ತೋರಿಸು." ವರ್ಲಿನ್ ಹಾಡಿದ. ಡ್ವೇನ್ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಕೌಂಟಿ ಕಚೇರಿಗೆಲ್ಲ ಕೇಳಿಸಿದ. ಟ್ರೇ ಗ್ಯಾರೇಜಿನ ಅಟ್ಟದಲ್ಲಿ ಸಿಕ್ಕಿತು. ಡ್ವೇನ್ ಬೂಟಿನ ಕಾಲಲ್ಲೇ ಏಣಿ ಹತ್ತಿ ಇಳಿಸಿ, ಆರ್ಡಿಸ್ ಒರೆಸಿದ ನೆಲವನ್ನೆಲ್ಲ ಕೆಸರು ಮಾಡಿದ. ವರ್ಲಿನ್ ಒಂದು ಸಲಿಕೆಯನ್ನೂ ಕೊಂಡ. ಪ್ರತಿ ವಿಚಾರಣೆಯ ಕೊನೆಗೂ "ಪರವಾಗಿಲ್ಲ" ಎಂದು ಸಹಿ ಹಾಕಿದ.

ಬಜೆಟ್ ಸಭೆಯಲ್ಲಿ ಗೇಲಾರ್ಡ್ ಮಾಡಿದ ಭಾಷಣ ಈಗಲೂ ಕಾಫಿ ಅಂಗಡಿಯಲ್ಲಿ ಪ್ರಸಿದ್ಧ. "ಹೋದ ವರ್ಷ ಇಷ್ಟು ದುಡ್ಡು ಕೊಟ್ಟು ಸೊನ್ನೆ ಕಂಡ್ವಿ. ಈ ವರ್ಷ ಬಂದ ದೂರು ಇಷ್ಟು, ಮುಗಿಸಿದ್ದು ಅಷ್ಟೂ. ಇದು ನೋಡಿ ಕೆಲಸ ಅಂದ್ರೆ. ಇದನ್ನ ಎಣಿಸಬಹುದು." ಪೊಲೀಸರು ಹೆಚ್ಚು ತಪ್ಪು ಮಾಡಿದಷ್ಟೂ ಅಂಕಿ ಚೆನ್ನಾಗಿ ಕಾಣುತ್ತದಲ್ಲ ಎಂದು ಮಾರ್ಲಿಸ್‌ಳ ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಯಿತು. ಮುದ್ರೆ ಬಂತು, ಬಜೆಟ್ ಪಾಸಾಯಿತು, ಠಾಣೆ ಉಳಿಯಿತು.

ಸೆಪ್ಟೆಂಬರಿನ ಒಂದು ಸಂಜೆ ಡ್ವೇನ್ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ಬೂಟು ಬಿಚ್ಚಿದ. ಕುರ್ಚಿಯ ತುದಿಯಲ್ಲಿ ಕೂತು ಟೋಪಿ ತಿರುಗಿಸತೊಡಗಿದ.

"ವರ್ಲಿನ್," ಎಂದ. ಆ ಹೆಸರು ಅವನ ಬಾಯಲ್ಲಿ ಕೇಳಿ ಆರ್ಡಿಸ್‌ಳ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. "ನಿಮ್ಮೂರಿನ ಬಜೆಟ್ ನೋಡಿ ನಮ್ಮ ಕೌಂಟಿಯವರಿಗೂ ಹುಚ್ಚು ಹಿಡಿದಿದೆ. ನಾವೂ ಮಾನ್ಯತೆ ತರಬೇಕಂತೆ. ಇಲ್ಲಾಂದ್ರೆ ಮೊದಲು ತೆಗೆಯೋದು ಕ್ಯಾಪ್ಟನ್ ಹುದ್ದೆನೇ ಅಂತೆ. ಕಡತ ಎಲ್ಲ ರೆಡಿ. ಒಂದೇ ಒಂದು ಕೊರತೆ."

"ಏನದು?" ಎಂದ ವರ್ಲಿನ್, ಏನೆಂದು ಚೆನ್ನಾಗಿ ಗೊತ್ತಿದ್ದೂ.

"ನನ್ನ ಮೇಲೆ ಒಂದು ದೂರು ಬೇಕು ಕಣಯ್ಯಾ. ಕೌಂಟಿ ಪೂರ್ತಿ ಸುತ್ತಿದೆ. ಎಲ್ರೂ ಪರವಾಗಿಲ್ಲ ಪರವಾಗಿಲ್ಲ ಅಂತಾರೆ, ಮಾರನೇ ದಿನ ಮನೆಗೆ ಬಂದು ನನ್ನ ಕೈ ಹಿಡ್ಕೊಂಡು ಕೂರ್ತಾರೆ. ನೀನಾದ್ರೂ ಕೊಡು. ವಿಚಾರಣೆ ಟೈಮಲ್ಲಿ ಒರಟಾಗಿ ನಡ್ಕೊಂಡೆ ಅಂತ ಬರಿ. ಆ ಗಾಡಿ ಮುಳುಗಿದ ಕಥೆ ಬೇಕಾದ್ರೂ ಬರಿ. ಇಷ್ಟು ವರ್ಷದಲ್ಲಿ ನಿನಗೆ ಏನಾದ್ರೂ ಅನ್ನಿಸಿರಲೇಬೇಕಲ್ಲ."

ವರ್ಲಿನ್ ಕಿಟಕಿಯಾಚೆ ಕೆರೆಯನ್ನು ನೋಡಿದ. ಟರ್ಕಿ ಕೊಯ್ಯುವ ಮುಂಚಿನ ಕಥೆಗಳು, ಕೊಯ್ದ ಮೇಲಿನ ಕಥೆಗಳು, ಮೊಬೈಲಿನ ಹಾಡು, ನೆಲದ ಮೇಲಿನ ಕೆಸರು ಎಲ್ಲ ಸಾಲುಗಟ್ಟಿ ಅವನ ಗಂಟಲಿನವರೆಗೆ ಬಂದವು. ಅವನಿಗೆ ಎಂದೂ ಇಲ್ಲದಷ್ಟು ಖುಷಿಯಾಯಿತು. ಅವನ್ನೆಲ್ಲ ಒಂದೊಂದಾಗಿ ನುಂಗಿದ.

"ಎಲ್ಲಾದ್ರೂ ಉಂಟಾ ಭಾವ," ಎಂದ ಅಕ್ಕರೆಯಿಂದ. "ನಿಮ್ಮ ಮೇಲೆ ನನಗೆಂಥ ದೂರು? ಒಂದೂ ಇಲ್ಲ. ನೀವು ಪರವಾಗಿಲ್ಲ."

ಆಮೇಲೆ ಎದ್ದು ಫ್ರೀಜರಿನಿಂದ ದೊಡ್ಡದೊಂದು ಹಾಟ್‌ಡಿಶ್ ತೆಗೆದು ಡ್ವೇನ್‌ನ ತೊಡೆಯ ಮೇಲಿಟ್ಟ.

"ಉಡುಗೊರೆ ಪುಸ್ತಕದಲ್ಲಿ ಮರೀದೆ ಬರ್ಕೊಳ್ಳಿ," ಎಂದ.